ಕೋಳಿ ಒಡ್ಡಿಗೆ ಬಾತು ಬಂದ ಮೇಲೆ

ನಮ್ಮ ಹಿತ್ತಿಲಿನ ಕೋಳಿ ಒಡ್ಡಿಯನ್ನು ಕಟ್ಟಿಸಿದವರು ನನ್ನ ಅಜ್ಜ. ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಇರುವಂಥದ್ದೇ: ಮೂರು ಕಡೆ ಜಂಬಿಟ್ಟಿಗೆಯ ಗೋಡೆ, ಮುಂಭಾಗಕ್ಕೆ ಅಡಿಕೆ ದಬ್ಬೆಯ ತಡಿಕೆ, ಮೇಲೆ ಮಂಗಳೂರು ಹೆಂಚು, ಒಳಗೆ ಮಣ್ಣಿನ ನೆಲ. ಉದ್ದ 10 ಅಡಿ, ಅಗಲ 6 ಅಡಿ. ಹಗಲೆಲ್ಲ ತೋಟದಲ್ಲಿ ಕೆದರಿ ಮೇಯುವ, ಸಂಜೆಗೆ ತಾವಾಗಿಯೇ ಬಂದು ಅಡ್ಡಗಳುವಿನ ಅಡ್ಡೆಯೇರಿ ಕೂರುವ ನಾಟಿ ಕೋಳಿಗಳಿಗೆ ಅದು ಸಾಕಾಗಿತ್ತು. ತಡಿಕೆ ಮುರಿದಾಗ ಹೊಸ ದಬ್ಬೆ ಕಟ್ಟುವುದು, ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಬಿಟ್ಟರೆ ಅದಕ್ಕೆ ನಾವು ಹೆಚ್ಚೇನೂ ಮಾಡಿದ್ದಿಲ್ಲ. ಎರಡು ವರ್ಷದ ಹಿಂದೆ, ತರಕಾರಿ ಪಾತಿಗಳಲ್ಲಿ ಬಸವನಹುಳುವಿನ ಕಾಟ ಹೆಚ್ಚಾಯಿತೆಂದು ಖಾಕಿ ಕ್ಯಾಂಪ್‌ಬೆಲ್ ತಳಿಯ ಆರು ಬಾತುಗಳನ್ನು ತಂದು, ಹದಿನೈದು ಕೋಳಿಗಳಿದ್ದ ಅದೇ ಒಡ್ಡಿಗೆ ಬಿಟ್ಟೆವು. ಐದು ಹೆಣ್ಣು, ಒಂದು ಗಂಡು. ಬಾತೂ ಒಂದು ಬಗೆಯ ಕೋಳಿಯೇ ಎಂದು ನಾವು ತಿಳಿದದ್ದೇ ತಪ್ಪಾಯಿತು.

ಕೋಳಿ ನೀರನ್ನು ಕುಡಿಯುತ್ತದೆ, ಬಾತು ನೀರಿನಲ್ಲಿ ಬದುಕುತ್ತದೆ. ಕೊಕ್ಕಿನ ಮೇಲಿರುವ ಮೂಗಿನ ಹೊಳ್ಳೆ ಮತ್ತು ಕಣ್ಣನ್ನು ತೊಳೆದುಕೊಳ್ಳಲು ಅದಕ್ಕೆ ತಲೆ ಮುಳುಗುವಷ್ಟು ಆಳದ ನೀರು ಬೇಕು. ಪ್ರತಿ ತುತ್ತಿಗೂ ನೀರಿಗೆ ಓಡಿ, ಬಾಯಿ ಅಲ್ಲಾಡಿಸಿ, ಅರ್ಧ ನೀರನ್ನು ನೆಲಕ್ಕೆ ಚೆಲ್ಲಿ ಮತ್ತೆ ಬರುತ್ತದೆ. ಅದರ ಹಿಕ್ಕೆಯಲ್ಲೂ ನೀರೇ ಹೆಚ್ಚು. ಆ ವರ್ಷದ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಒಡ್ಡಿಯ ಮಣ್ಣಿನ ನೆಲ ಗದ್ದೆಯ ಕೆಸರಿನಂತಾಯಿತು. ಇರಚಲು ತಡೆಯಲೆಂದು ಮುಂಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರಿಂದ ಒಳಗಿನ ಹಸಿ ಹೊರಗೆ ಹೋಗಲು ದಾರಿಯೇ ಉಳಿಯಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಸುವ ಘಾಟು. ಎರಡು ಹೇಂಟೆಗಳು ಗೊರಗೊರ ಉಸಿರಾಡತೊಡಗಿದವು, ಮೊಟ್ಟೆ ಕಡಿಮೆಯಾಯಿತು. ನೆನೆದ ಮಣ್ಣಿನಲ್ಲಿ ಹೆಗ್ಗಣಗಳು ತಡಿಕೆಯ ಬುಡದಿಂದ ಬಿಲ ತೋಡಿದವು. ಆಗಸ್ಟಿನ ಒಂದು ರಾತ್ರಿ ಆ ಬಿಲವನ್ನೇ ಅಗಲ ಮಾಡಿಕೊಂಡು ಕಬ್ಬೆಕ್ಕು ಒಳನುಗ್ಗಿತು. ಗಲಾಟೆ ಕೇಳಿ ನಾವು ಬ್ಯಾಟರಿ ಹಿಡಿದು ಓಡುವಷ್ಟರಲ್ಲಿ ನಾಲ್ಕು ಹೇಂಟೆಗಳು ಸತ್ತು ಬಿದ್ದಿದ್ದವು. ಅಡ್ಡೆಯ ಮೇಲಿದ್ದವು ಹೇಗೋ ಉಳಿದಿದ್ದವು. ಸತ್ತವು ನಾಲ್ಕೂ ಕೆಮ್ಮಿನಿಂದ ಸೊರಗಿ ಕೆಳಗೆ ಕುಳಿತಿದ್ದವು ಅಥವಾ ಮೊಟ್ಟೆ ಬುಟ್ಟಿಯಲ್ಲಿ ಕಾವು ಕೂತಿದ್ದವು. ಆ ಬೆಳಿಗ್ಗೆ ಅವುಗಳನ್ನು ಹೂಳುವಾಗಲೇ ಬರುವ ಮಳೆಗಾಲದೊಳಗೆ ಈ ಒಡ್ಡಿಯನ್ನು ಸರಿಮಾಡಬೇಕೆಂದು ನಿಶ್ಚಯಿಸಿದೆ.

ಅಡಿಕೆ ಕೊಯ್ಲಿನ ಕೆಲಸವೆಲ್ಲ ಮುಗಿದು ಆಳುಗಳು ಬಿಡುವಾದದ್ದು ಫೆಬ್ರವರಿಯ ಕೊನೆಗೆ. ಅಷ್ಟರಲ್ಲಿ ಕೋಳಿಯ ಸಂಖ್ಯೆಯೂ ಮರಿಗಳು ಬೆಳೆದು ಮತ್ತೆ ಹದಿನೈದಕ್ಕೆ ಬಂದಿತ್ತು. ಏನನ್ನೂ ಕೀಳುವ ಮೊದಲು ಕೆಲವು ದಿನ ಒಡ್ಡಿಯನ್ನು ಸುಮ್ಮನೆ ನೋಡಿದೆ. ರಾತ್ರಿ ಹತ್ತರ ಹೊತ್ತಿಗೆ ಒಳಗೆ ಹೋಗಿ, ಬಾತು ಮಲಗುವ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಉಸಿರೆಳೆದರೆ, ನಿಂತಾಗ ತಿಳಿಯದಿದ್ದ ಘಾಟು ಆ ಬೇಸಿಗೆಯಲ್ಲೂ ಮೂಗಿಗೆ ಹೊಡೆಯುತ್ತಿತ್ತು. ಹಕ್ಕಿಗಳು ರಾತ್ರಿಯಿಡೀ ಉಸಿರಾಡುವುದು ಆ ಗಾಳಿಯನ್ನು. ಇನ್ನೊಂದು ಪರೀಕ್ಷೆಯನ್ನು ನಮ್ಮೂರಿನ ಪಶುವೈದ್ಯರು ಹೇಳಿಕೊಟ್ಟಿದ್ದರು: ಬಿಳಿ ಕಾಗದವನ್ನು ಅಡ್ಡೆಯ ಕೆಳಭಾಗಕ್ಕೆ, ಅಡ್ಡೆ ಗೋಡೆಯೊಳಗೆ ಸೇರುವ ಕಿಂಡಿಯ ಸುತ್ತ ಒತ್ತಿ ಎಳೆಯಬೇಕು. ಹಾಗೆ ಎಳೆದ ಕಾಗದವನ್ನು ಬ್ಯಾಟರಿ ಬೆಳಕಿಗೆ ಹಿಡಿದಾಗ ಅದರ ಮೇಲೆ ಕುಂಕುಮದ ಬೆರಳು ಒರೆಸಿದಂತೆ ಕೆಂಪು ಗೀರುಗಳಿದ್ದವು. ಅದು ಕೋಳಿಯ ರಕ್ತ. ಹಗಲು ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುವ ಕೆಂಪು ನುಸಿ ಅಜ್ಜನ ಕಾಲದ ಅಡ್ಡೆಗಳಲ್ಲಿ ತುಂಬಿಹೋಗಿತ್ತು. ಹಗಲು ಕೋಳಿಯನ್ನು ಹಿಡಿದು ರೆಕ್ಕೆ ಬಿಡಿಸಿ ನೋಡಿದರೆ ಅದು ಕಾಣುವುದೇ ಇಲ್ಲ. ನಾವು ಅಷ್ಟು ವರ್ಷ ಹಾಗೆಯೇ ನೋಡಿ, ಹೇನಿಲ್ಲ ಎಂದುಕೊಂಡಿದ್ದೆವು.

ಕೆಲಸ ನಡೆಯುವಾಗ ಹಕ್ಕಿಗಳನ್ನು ಎಲ್ಲಿಡುವುದೆಂಬುದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಕೊಟ್ಟಿಗೆಯ ಒಂದು ಮೂಲೆಗೆ ಬಲೆ ಕಟ್ಟಿ ಅಲ್ಲಿ ಬಿಟ್ಟರೆ, ಮರುದಿನ ಸಂಜೆ ಕೋಳಿಗಳೆಲ್ಲ ಅಭ್ಯಾಸಬಲದಿಂದ ಹಳೆಯ ಒಡ್ಡಿಯ ಮುಂದೆಯೇ ನೆರೆದವು, ಬಾಗಿಲು ಮುಚ್ಚಿದ್ದನ್ನು ಕಂಡು ಪಕ್ಕದ ಹಲಸಿನ ಮರ ಹತ್ತಿದವು. ಏಣಿ ಹಾಕಿ ಕತ್ತಲಲ್ಲಿ ಒಂದೊಂದನ್ನೇ ಇಳಿಸಬೇಕಾಯಿತು. ಹೊಸ ಜಾಗದಲ್ಲಿ ಮೂರು ನಾಲ್ಕು ದಿನ ಹೊರಬಿಡದೆ ಕೂಡಿಹಾಕಿ ಮೇವು ನೀರು ಕೊಟ್ಟರೆ ಮಾತ್ರ ಅವು ಅದನ್ನು ಮನೆಯೆಂದು ಒಪ್ಪುತ್ತವೆ.

ಒಳಗಿದ್ದ ಹಳೆಯ ಹೊಟ್ಟು ಮತ್ತು ಹಿಕ್ಕೆಯನ್ನು ಗೆರಸೆಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕಿ, ಸೊಪ್ಪು ಮುಚ್ಚಿ, ಕೊಳೆಯಲು ಬಿಟ್ಟೆವು. ಹಸಿ ಕೋಳಿ ಗೊಬ್ಬರವನ್ನು ನೇರವಾಗಿ ಅಡಿಕೆಯ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಹಳೆಯ ಅಡ್ಡೆ, ತಡಿಕೆ, ಬುಟ್ಟಿ ಎಲ್ಲವನ್ನೂ ದೂರದಲ್ಲಿ ಸುಟ್ಟೆವು. ಗೋಡೆಯ ಸಂದುಗಳಿಗೆ ಬ್ಲೋಲ್ಯಾಂಪಿನ ಉರಿ ಹಿಡಿದು, ಆಮೇಲೆ ಜಂಬಿಟ್ಟಿಗೆಯ ತೂತುಗಳನ್ನೆಲ್ಲ ಸಿಮೆಂಟು ಗಾರೆಯಿಂದ ಮುಚ್ಚಿ ನಯಮಾಡಿಸಿದೆ. ಜಂಬಿಟ್ಟಿಗೆ ನೋಡಲು ಚೆಂದ, ಆದರೆ ಅದರ ಮೈತುಂಬ ತೂತು. ನುಸಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆಯಿಲ್ಲ. ಆ ನುಸಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು, ಆದ್ದರಿಂದ ಒಡ್ಡಿಯನ್ನು ಕೆಲವು ವಾರ ಖಾಲಿ ಬಿಟ್ಟರೆ ಸಾಯುತ್ತದೆ ಎಂದು ನಂಬುವಂತಿಲ್ಲ. ಗಾರೆ ಒಣಗಿದ ಮೇಲೆ ಎರಡು ಸಲ ಗಟ್ಟಿಯಾಗಿ ಸುಣ್ಣ ಬಳಿಸಿದೆ.

ಇನ್ನು ನೆಲ. ಈ ಇಡೀ ಕೆಲಸದ ತಿರುಳು ಹಸಿಯನ್ನು ಒಣದಿಂದ ಬೇರೆ ಮಾಡುವುದೆಂದು ನನಗೆ ಅಷ್ಟು ಹೊತ್ತಿಗೆ ಮನದಟ್ಟಾಗಿತ್ತು. ಹಕ್ಕಿಗಳಿಗೆ ಮಣ್ಣಿನ ನೆಲವೇ ಹಿತವೆಂದು ಅಮ್ಮ ಹೇಳಿದರು, ಅದು ಸುಳ್ಳಲ್ಲ. ಬೇಸಿಗೆಯಲ್ಲಿ ಅದು ತಂಪು, ಕಾಲಿಗೆ ಮೆದು. ಆದರೆ ಹೆಗ್ಗಣ ತೋಡದ, ಬಾತು ಕೆಸರು ಮಾಡದ ಮಣ್ಣಿನ ನೆಲವನ್ನು ನಮ್ಮ ಮಳೆಯಲ್ಲಿ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಹೊರಗಿನ ಅಂಗಳಕ್ಕಿಂತ ಒಂದು ಅಡಿ ಎತ್ತರಕ್ಕೆ ಜಂಬಿಟ್ಟಿಗೆಯ ಚೂರು ತುಂಬಿ, ದಮ್ಮಸು ಮಾಡಿ, ಮೇಲೆ ಮೂರು ಇಂಚು ಕಾಂಕ್ರೀಟು ಹಾಕಿಸಿದೆ. ಮೂಡಣ ತುದಿಯಿಂದ ಪಡುವಣ ತುದಿಗೆ, 10 ಅಡಿಗೆ 3 ಇಂಚಿನಷ್ಟು ಇಳಿಜಾರು ಇರಬೇಕೆಂದು ಹೇಳಿದ್ದೆ. ಕೆಲಸ ಮುಗಿದ ದಿನ ಕಣ್ಣಳತೆಗೆ ಸರಿಯಾಗಿಯೇ ಕಂಡಿತು. ಏಳು ದಿನ ನೀರು ಕಟ್ಟಿ ಹದ ಬಂದ ಮೇಲೆ ಒಂದು ಕೊಡ ನೀರು ಸುರಿದು ನೋಡಿದರೆ, ಅರ್ಧ ನೀರು ಬಾಗಿಲಿನತ್ತ ಹೋಗುವ ಬದಲು ಹಿಂದಿನ ಮೂಲೆಯಲ್ಲಿ ಮಡುಗಟ್ಟಿ ನಿಂತಿತು. ಆ ಮೂಲೆಯ ಮೂರು ಅಡಿ ಜಾಗವನ್ನು ಒಡೆದು ಮತ್ತೆ ಹಾಕಿಸಬೇಕಾಯಿತು. ಕಾಂಕ್ರೀಟು ಹಸಿಯಾಗಿರುವಾಗಲೇ ಮಟ್ಟದ ಹಲಗೆಯಿಟ್ಟು ಪ್ರತಿ ಅಡಿಗೂ ಅಳೆಯಬೇಕಿತ್ತು. ಅಂದು ಮಧ್ಯಾಹ್ನದ ಆ ಹತ್ತು ನಿಮಿಷ ನಾನು ಅಲ್ಲಿ ನಿಲ್ಲಲಿಲ್ಲ.

ಒಡ್ಡಿಯನ್ನು ಒಳಗೆ ಎರಡಾಗಿ ಭಾಗ ಮಾಡಿದೆ. ಮೂಡಣದ ಎತ್ತರದ 6 ಅಡಿ ಕೋಳಿಗಳಿಗೆ, ಪಡುವಣದ ತಗ್ಗಿನ 4 ಅಡಿ ಬಾತುಗಳಿಗೆ. ಹೀಗೆ ಒಂದು ಬಾತಿಗೆ 4 ಚದರ ಅಡಿ, ಒಂದು ಕೋಳಿಗೆ ಸುಮಾರು ಎರಡೂವರೆ ಚದರ ಅಡಿ ಸಿಗುತ್ತದೆ. ಹಗಲೆಲ್ಲ ಹೊರಗಿರುವ ಹಕ್ಕಿಗಳಿಗೆ ರಾತ್ರಿ ಮಲಗಲು ಇದು ಸಾಕು; ದಿನವಿಡೀ ಕೂಡಿಹಾಕಿ ಸಾಕುವವರು ಇದಕ್ಕಿಂತ ಬಹಳ ಹೆಚ್ಚು ಜಾಗ ಕೊಡಬೇಕು. ನಡುವಿನ ತಡೆಗೆ ಇನ್ನೊಂದು ಕಾರಣವೂ ಇತ್ತು. ಗಂಡು ಬಾತು ಕೆಲವೊಮ್ಮೆ ಹೇಂಟೆಗಳನ್ನೂ ಮೆಟ್ಟಲು ಹೋಗುತ್ತದೆ. ಹುಂಜಕ್ಕೆ ಇಲ್ಲದ, ಹೊರಚಾಚುವ ಜನನಾಂಗ ಗಂಡು ಬಾತಿಗೆ ಇರುವುದರಿಂದ ಹೇಂಟೆಗೆ ಒಳಗೆ ಗಾಯವಾಗಿ ಸಾಯುವ ಸಂಭವವಿದೆ. ಬಯಲಿನಲ್ಲಿ ಹೇಂಟೆ ಹಾರಿ ತಪ್ಪಿಸಿಕೊಳ್ಳುತ್ತದೆ, ಮುಚ್ಚಿದ ಕೋಣೆಯಲ್ಲಿ ತಪ್ಪಿಸಿಕೊಳ್ಳಲು ಎಡೆಯಿಲ್ಲ.

ನೀರನ್ನು ಒಡ್ಡಿಯೊಳಗಿಂದ ಪೂರ್ತಿಯಾಗಿ ಹೊರಗೆ ಹಾಕಿದ್ದು ನಾನು ಮಾಡಿದ ಕೆಲಸಗಳಲ್ಲೆಲ್ಲ ಮುಖ್ಯವಾದದ್ದು. ಬಾತಿನ ಬಾಗಿಲಿನಿಂದ ಆರು ಅಡಿ ದೂರದಲ್ಲಿ, ನೆಲ ತಗ್ಗಾಗುವ ಕಡೆ, 4 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿಸಿದೆ. ಅದರ ತಳಕ್ಕೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಇದ್ದಿಲ ಚೂರು ಬೆರೆಸಿದ ಮರಳು ತುಂಬಿ, ನೆಲಮಟ್ಟಕ್ಕೆ ಅರ್ಧ ಇಂಚು ಕಣ್ಣಿನ ದಪ್ಪ ತಂತಿಯ ಜಾಲರಿಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಮುಚ್ಚಿದೆ. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು ಆ ಜಾಲರಿಯ ಮೇಲೆ ಕೂರುತ್ತದೆ. ಬಾತುಗಳು ಎಷ್ಟು ಚೆಲ್ಲಿದರೂ ನೀರು ಗುಂಡಿಗಿಳಿಯುತ್ತದೆ, ಗುಂಡಿಯಿಂದ ಒಂದು ಪೈಪು ಕೆಳಗಿನ ಬಾಳೆ ಮತ್ತು ಕೆಸುವಿನ ಸಾಲಿಗೆ ಹೋಗುತ್ತದೆ. ದಿನಕ್ಕೊಮ್ಮೆ ಟಬ್ಬು ಮಗುಚಿದರೆ ಆ ಕೊಳೆನೀರೂ ಅದೇ ದಾರಿ ಹಿಡಿಯುತ್ತದೆ. ಆ ಬಾಳೆಗಳಿಗೆ ನಾನು ಬೇರೆ ಗೊಬ್ಬರ ಹಾಕಿಲ್ಲ. ಬಾತುಗಳ ತಿಂಡಿಯ ತಟ್ಟೆಯೂ ನೀರಿನ ಪಕ್ಕದಲ್ಲೇ ಇರಬೇಕು, ಏಕೆಂದರೆ ನೀರಿಲ್ಲದೆ ಒಣ ತಿಂಡಿ ತಿಂದರೆ ಅವುಗಳಿಗೆ ಗಂಟಲು ಕಟ್ಟುತ್ತದೆ. ರಾತ್ರಿ ಒಳಗೆ ತಿಂಡಿಯೂ ಇಲ್ಲ, ನೀರೂ ಇಲ್ಲ. ತಿಂಡಿ ಇಟ್ಟರೆ ನೀರನ್ನೂ ಇಡಲೇಬೇಕು. ಸಂಜೆ ಹೊಟ್ಟೆ ತುಂಬ ತಿಂದು ಕುಡಿದು ಒಳಹೊಕ್ಕ ಬಾತುಗಳು ಬೆಳಗಿನವರೆಗೆ ನೆಮ್ಮದಿಯಾಗಿಯೇ ಇರುತ್ತವೆ.

ಮುಂಭಾಗದ ಅಡಿಕೆ ದಬ್ಬೆಯ ತಡಿಕೆಯ ಜಾಗಕ್ಕೆ ಮೊದಲು ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕರೆಯುವ, ಆರು ಮೂಲೆಯ ಕಣ್ಣಿನ ತೆಳು ತಂತಿಯದನ್ನೇ ಕೇಳಿದ್ದೆ. ಬೆಲೆ ಕಡಿಮೆ, ಸಿಗುವುದು ಸುಲಭ. ಆದರೆ ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಬ್ಬೆಕ್ಕು, ನಾಯಿಗಳನ್ನು ಹೊರಗಿಡಲಾರದು. ತುಕ್ಕು ಹಿಡಿದ ಎರಡನೆಯ ವರ್ಷ ಕೈಯಲ್ಲಿ ಎಳೆದರೂ ಕಿತ್ತು ಬರುತ್ತದೆ. ಆದ್ದರಿಂದ ಅರ್ಧ ಇಂಚಿನ ವೆಲ್ಡ್ ಮೆಶ್ಶನ್ನೇ ತಂದೆ. ಒಟ್ಟು ಖರ್ಚಾದ 26 ಸಾವಿರ ರೂಪಾಯಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಹೋಯಿತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಅರ್ಧ ಇಂಚಿನ ಕಣ್ಣಿನಲ್ಲಿ ದೊಡ್ಡ ಇಲಿಯಾಗಲಿ, ಮೊಟ್ಟೆ ನುಂಗುವಷ್ಟು ಬೆಳೆದ ಕೇರೆ ಹಾವಾಗಲಿ ನುಸುಳಲಾರದು. ಮೊಳೆಯ ಬದಲು ಸ್ಕ್ರೂ ಮತ್ತು ವಾಷರು ಹಾಕಿ, ಮೇಲೆ ಮರದ ಪಟ್ಟಿ ಕೂರಿಸಿ ಬಿಗಿಸಿದೆ. ಜಾಲರಿಯನ್ನು ನೆಲದ ಬಳಿ ನಿಲ್ಲಿಸದೆ ಹೊರಗಡೆಗೆ ಮಡಿಸಿ, ಒಂದೂವರೆ ಅಡಿ ಅಗಲಕ್ಕೆ ಮಣ್ಣಿನಡಿಯಲ್ಲಿ ಹಾಸಿ ಮೇಲೆ ಕಲ್ಲು ಹೇರಿದೆ. ಬಿಲ ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡಲು ಶುರುಮಾಡುತ್ತದೆ, ಅಲ್ಲಿ ಕಾಲಿಗೆ ತಂತಿ ಸಿಕ್ಕಿದರೆ ಹಿಂದೆ ಸರಿದು ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ಎರಡು ಕಡೆ ಕೆರೆದ ಗುರುತು ಕಂಡಿತು, ಎರಡೂ ಆ ತಂತಿಯ ಮೇಲೆಯೇ ನಿಂತಿದ್ದವು.

ಗಾಳಿಗಾಗಿ ಉದ್ದದ ಎರಡೂ ಬದಿಯಲ್ಲಿ ಮಾಡಿನ ಕೆಳಗೆ ಒಂದೂವರೆ ಅಡಿ ಎತ್ತರದ ಪಟ್ಟಿಯನ್ನು ತೆರೆದೇ ಬಿಟ್ಟು ಜಾಲರಿ ಹೊಡೆದೆ. ಹಿಂದಿನ ಗೋಡೆಯ ಮೇಲಿನ ಎರಡು ವರಸೆ ಕಲ್ಲನ್ನು ಅದಕ್ಕಾಗಿ ತೆಗೆಸಬೇಕಾಯಿತು. ಚಳಿಗೆ ಹಕ್ಕಿಗಳು ನಡುಗುತ್ತವೆ ಎಂದು ಮನೆಯವರಿಗೆಲ್ಲ ಅಳುಕಿತ್ತು. ಗರಿಯಿರುವ ಹಕ್ಕಿಗೆ ನಮ್ಮ ಮಲೆನಾಡಿನ ಚಳಿ ಏನೂ ಅಲ್ಲ, ಅದನ್ನು ಕಾಯಿಲೆಗೆ ಬೀಳಿಸುವುದು ನಿಂತ ಗಾಳಿಯ ತೇವ. ಹಸಿ ಗಾಳಿ ಅವುಗಳ ತಲೆಯ ಮೇಲಿನಿಂದ ಹೊರಟು ಹೋಗಬೇಕು, ಮೈಗೆ ನೇರ ಬೀಸಬಾರದು, ಮಳೆ ಒಳಗೆ ಇರಚಬಾರದು. ಅದಕ್ಕಾಗಿ ಪಕಾಸಿಗಳನ್ನು ಉದ್ದಮಾಡಿ ಮಾಡನ್ನು ಎರಡೂವರೆ ಅಡಿ ಮುಂದೆ ಚಾಚಿಸಿದೆ. ಇದಕ್ಕೆ ಹೆಚ್ಚುವರಿ ಹೆಂಚು ಬೇಕಾಯಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದರ ಮಾದರಿಯಲ್ಲಿ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವಾದರೂ, ಒಂದರ ಅಚ್ಚಿನ ಹೆಂಚು ಇನ್ನೊಂದರ ಕಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ನಮ್ಮ ಮಾಡಿನ ಹೆಂಚಿನ ಅಚ್ಚಿನದೇ ಗುರುತಿರುವ ಹಳೆಯ ಹೆಂಚುಗಳನ್ನು ಬಿಚ್ಚಿದ ಮನೆಯೊಂದರಿಂದ ಹುಡುಕಿ ತಂದೆ. ನಡುವೆ ಎರಡು ಗಾಜಿನ ಹೆಂಚು ಕೂರಿಸಿದ್ದರಿಂದ ಹಗಲು ಮೂಲೆ ಮೂಲೆಯೂ ಕಾಣುತ್ತದೆ, ಗುಡಿಸುವುದು ಸುಲಭವಾಗಿದೆ.

ಕೋಳಿಗಳ ಅಡ್ಡೆಗೆ ಅಡಿಕೆ ಮರದ ಎರಡು ಗಳು, ಒಂದೊಂದೂ 6 ಅಡಿ. ಒಂದು ಕೋಳಿಗೆ ಒಂಬತ್ತು ಇಂಚಿನಂತೆ ಲೆಕ್ಕ ಹಾಕಿದರೆ ಹದಿನೈದಕ್ಕೆ ಸರಿಹೋಗುತ್ತದೆ. ಎರಡನ್ನೂ ನೆಲದಿಂದ ಎರಡೂವರೆ ಅಡಿಗೆ, ಒಂದೇ ಎತ್ತರದಲ್ಲಿ ಇಟ್ಟೆ. ಮೊದಲು ಏಣಿಯಂತೆ ಒಂದು ಮೇಲೆ ಒಂದು ಕೆಳಗೆ ಇದ್ದುದರಿಂದ ಮೇಲಿನದಕ್ಕಾಗಿ ಪ್ರತಿ ಸಂಜೆ ಕಾದಾಟ, ಕೆಳಗೆ ಉಳಿದವುಗಳ ಬೆನ್ನ ಮೇಲೆ ಹಿಕ್ಕೆ. ಹಕ್ಕಿ ಕಾಲಿಡುವ ಜಾಗವನ್ನು ಉಜ್ಜು ಕಾಗದದಿಂದ ತಿಕ್ಕಿ ಸಿಬಿರೆಲ್ಲ ತೆಗೆದೆ. ಅಡಿಕೆಯ ಸಿಬಿರು ಅಂಗಾಲಿಗೆ ಚುಚ್ಚಿದರೆ ಕೀವು ತುಂಬಿ ಹುಣ್ಣಾಗುತ್ತದೆ. ಗಳುಗಳು ಗೋಡೆಯೊಳಗೆ ಹೋಗುವುದಿಲ್ಲ, ಕಬ್ಬಿಣದ ಕೊಂಡಿಯ ಮೇಲೆ ಕೂತಿವೆ. ಹದಿನೈದು ದಿನಕ್ಕೊಮ್ಮೆ ಎತ್ತಿ ತಂದು ಬಿಸಿಲಿಗಿಟ್ಟು, ತುದಿಗಳಿಗೆ ಬೇವಿನ ಎಣ್ಣೆ ಸವರಿ ಮತ್ತೆ ಇಡುತ್ತೇನೆ. ಬಿಳಿ ಕಾಗದದ ಪರೀಕ್ಷೆಯನ್ನು ಈಗಲೂ ಬಿಟ್ಟಿಲ್ಲ.

ಮೊಟ್ಟೆಯಿಡಲು ಕೋಳಿಗಳಿಗೆ ಒಂದು ಅಡಿ ಉದ್ದ, ಒಂದು ಅಡಿ ಅಗಲದ ನಾಲ್ಕು ಮರದ ಗೂಡುಗಳನ್ನು ಅಡ್ಡೆಗಿಂತ ತಗ್ಗಿನಲ್ಲಿ, ಕತ್ತಲಿರುವ ಗೋಡೆಗೆ ಕೂರಿಸಿದೆ. ಅಡ್ಡೆಗಿಂತ ಎತ್ತರದಲ್ಲಿದ್ದರೆ ಕೋಳಿಗಳು ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಬಾತುಗಳಿಗೆ ಗೂಡು ಬೇಕಿಲ್ಲ. ಮೂಲೆಯಲ್ಲಿ ಒಂದು ಹಲಗೆಯನ್ನು ಗೋಡೆಗೆ ಓರೆಯಾಗಿ ಆನಿಸಿ ಅದರಡಿಗೆ ಒಣಹುಲ್ಲು ಹಾಕಿದೆ. ಅವು ಮೊಟ್ಟೆಯಿಡುವುದು ಬೆಳಗಿನ ಜಾವ. ಬೇಗ ಬಾಗಿಲು ತೆಗೆದರೆ ತೋಟದ ಬಸಿಗಾಲುವೆಯಾದ ಕಪ್ಪಿನಲ್ಲೋ ಟಬ್ಬಿನ ನೀರಿನಲ್ಲೋ ಇಟ್ಟುಬಿಡುತ್ತವೆ, ಹಾಗಾಗಿ ಎಂಟು ಗಂಟೆಯವರೆಗೆ ಬಿಡುವುದಿಲ್ಲ. ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆಗೆ ಹೆಸರಾದ ತಳಿ, ಆದರೆ ಕಾವು ಕೂರುವುದು ಅಪರೂಪ. ಅದರ ಮೊಟ್ಟೆಯನ್ನು ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗಿಟ್ಟು ಮರಿಮಾಡಿಸಬೇಕು. ಕೋಳಿ ಮೊಟ್ಟೆಗೆ 21 ದಿನವಾದರೆ ಬಾತಿನದಕ್ಕೆ 28 ದಿನ. ಆ ತಾಳ್ಮೆಯ ಹೇಂಟೆಗಾಗಿಯೇ, ಹಿಂದಿನ ವರ್ಷ ಕಾವಿನಲ್ಲೇ ಸತ್ತವುಗಳನ್ನು ನೆನೆದು, ಕೋಳಿಯ ಭಾಗದಲ್ಲಿ ಜಾಲರಿಯ ಬಾಗಿಲಿರುವ ಒಂದು ಪ್ರತ್ಯೇಕ ಗೂಡನ್ನು ಮಾಡಿಸಿದ್ದೇನೆ.

ತಿಂಡಿಯ ಚೀಲವನ್ನು ಒಡ್ಡಿಯ ಮೂಲೆಯಲ್ಲಿಡುವುದನ್ನು ಬಿಟ್ಟು, ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಅಡುಗೆಮನೆಯ ಜಗಲಿಗೆ ತಂದದ್ದೂ ಇದೇ ಸಮಯದಲ್ಲಿ. ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಷಕ್ಕೆ ಬಾತು ಕೋಳಿಗಿಂತ ಬಹಳ ಬೇಗ ಬಲಿಯಾಗುತ್ತದೆ. ಕೋಳಿ ತಾಳಿಕೊಳ್ಳುವ ತಿಂಡಿ ಬಾತುಮರಿಯನ್ನು ಕೊಲ್ಲಬಹುದು. ಮಳೆಗಾಲದಲ್ಲಿ ಎರಡು ವಾರಕ್ಕಾಗುವಷ್ಟನ್ನು ಮಾತ್ರ ತರುತ್ತೇನೆ.

ಮೇ ತಿಂಗಳ ಕೊನೆಗೆ, ರೋಹಿಣಿ ಮಳೆ ಹನಿಯುವಾಗ, ಹಕ್ಕಿಗಳನ್ನು ಒಳಗೆ ಬಿಟ್ಟೆವು. ಕೋಳಿಗಳು ಒಂದೇ ದಿನಕ್ಕೆ ಹೊಂದಿಕೊಂಡವು. ಬಾತುಗಳು ಹೊಳೆಯುವ ಹೊಸ ಜಾಲರಿಯನ್ನು ಕಂಡು ಬಾಗಿಲಿನ ಮುಂದೆ ಗುಂಪಾಗಿ ನಿಂತು ಕೂಗಿದವು, ಒಳಗೆ ಕಾಲಿಡಲೇ ಇಲ್ಲ. ಕೋಳಿಗೆಂದು ಮಾಡಿದ ಒಂಬತ್ತಿಂಚು ಅಗಲದ ಏರುಹಲಗೆಯನ್ನೇ ಅವುಗಳಿಗೂ ಇಟ್ಟಿದ್ದೆ. ಬಾತಿನ ಕಾಲು ಬಹಳ ಸೂಕ್ಷ್ಮ, ಕಡಿದಾದ ಹಲಗೆಯಿಂದ ಜಾರಿದರೆ ಕುಂಟುತ್ತದೆ. ಅದನ್ನು ಎತ್ತುವಾಗಲೂ ಕೋಳಿಯಂತೆ ಕಾಲು ಹಿಡಿಯದೆ ಮೈಯನ್ನೇ ತಬ್ಬಿ ಎತ್ತಬೇಕು. ಹಲಗೆಯನ್ನು ತೆಗೆಸಿ, ಎರಡು ಅಡಿ ಅಗಲದ, ನಿಧಾನವಾಗಿ ಏರುವ ಮಣ್ಣಿನ ದಿಬ್ಬ ಮಾಡಿಸಿ ಮೇಲೆ ಒರಟು ಕಲ್ಲು ಹಾಸಿದೆ. ನಾಲ್ಕು ಸಂಜೆ ನೆನೆಸಿದ ಅಕ್ಕಿಯ ಬಕೆಟ್ಟನ್ನು ಹಿಡಿದು ಮುಂದೆ ಮುಂದೆ ನಡೆದ ಮೇಲೆ, ಐದನೆಯ ಸಂಜೆ ಹಿರಿಯ ಹೆಣ್ಣು ಬಾತು ಮುಂದಾಗಿ, ಉಳಿದವು ಸಾಲಾಗಿ ಅದರ ಹಿಂದೆ, ತಾವೇ ದಿಬ್ಬ ಹತ್ತಿ ಒಳಹೊಕ್ಕವು.

ಕಾಂಕ್ರೀಟಿನ ಮೇಲೆ ಐದು ಇಂಚು ದಪ್ಪಕ್ಕೆ ಭತ್ತದ ಹೊಟ್ಟು ಹಾಸಿದ್ದೇನೆ. ಕೋಳಿಯ ಕಡೆ ಅವೇ ಕೆದರಿ ಮಗುಚುತ್ತವೆ. ಬಾತುಗಳು ಕೆದರುವುದಿಲ್ಲ, ತುಳಿದು ಹೆಪ್ಪುಗಟ್ಟಿಸುತ್ತವೆ, ಅಲ್ಲಿ ದಿನವೂ ಕವೆಗೋಲಿನಿಂದ ನಾನೇ ತಿರುವಿ ಹಾಕಬೇಕು. ಹೊಟ್ಟು ಹದವಾಗಿದೆಯೇ ಎಂದು ನೋಡಲು ಒಂದು ಮುಷ್ಟಿ ಹಿಡಿದು ಅದುಮಿ ಬಿಡುತ್ತೇನೆ. ಸ್ವಲ್ಪ ಹೊತ್ತು ಮುದ್ದೆಯಂತೆ ನಿಂತು ತಾನಾಗಿ ಬಿರಿದು ಉದುರಿದರೆ ಸರಿ. ಮುದ್ದೆಯಾಗಿಯೇ ಉಳಿದರೆ ಹಸಿ ಹೆಚ್ಚಾಗಿದೆ. ಆರಿದ್ರಾ, ಪುನರ್ವಸು ಎರಡೂ ಮಳೆ ಬಿಡದೆ ಹೊಡೆದ ದಿನಗಳಲ್ಲಿ ಕೋಳಿಯ ಕಡೆಯ ಹೊಟ್ಟು ಒಮ್ಮೆಯೂ ಮುದ್ದೆಯಾಗಲಿಲ್ಲ. ಬಾತಿನ ಕಡೆ ಒಳಗೆಲ್ಲ ಹದವಾಗಿದ್ದರೂ ಬಾಗಿಲಿನ ಹತ್ತಿರದ ಒಂದು ಅಡಿ ಮಾತ್ರ ಪ್ರತಿದಿನ ಒದ್ದೆಯಾಗುತ್ತಿತ್ತು, ಏಕೆಂದರೆ ನೀರಿನಿಂದ ಎದ್ದು ಬಂದ ಬಾತುಗಳು ಹೊಸ್ತಿಲು ದಾಟಿದೊಡನೆ ನಿಂತು ಮೈ ಕೊಡವುತ್ತವೆ. ಪುಷ್ಯ ಮಳೆಯ ಒಂದು ಹೊಳವು ಮಧ್ಯಾಹ್ನ ಆ ಒಂದು ಅಡಿಯ ಹೊಟ್ಟನ್ನು ತೆಗೆದು, ಅಲ್ಲಿ ಅಡಿಕೆ ದಬ್ಬೆಗಳನ್ನು ಅರ್ಧ ಇಂಚು ಸಂದು ಬಿಟ್ಟು ಅಟ್ಟಣೆಯಂತೆ ಜೋಡಿಸಿದೆ. ಕೊಡವಿದ ನೀರು ಈಗ ಸಂದಿನಿಂದ ಇಳಿದು, ನೆಲದ ಇಳಿಜಾರು ಹಿಡಿದು, ಹೊರಗಿನ ಗುಂಡಿಗೆ ಹೋಗಿ ಸೇರುತ್ತದೆ.